ಆಫ್ ಮಾಡ್ಲಾ ಸಾರ್?

ಬುಧವಾರದಿಂದ ಈ ಒಂದು ಮಾತು ಕಿವಿ ಬಿಟ್ಟು ಹೋಗ್ತಾ ಇಲ್ಲ. "ಆಫ್ ಮಾಡ್ಲಾ ಸಾರ್?"

ಕೇಳಿದ್ದು ತುಮಕೂರಿನ ಆಚೆಗಿನ ಒಂದು ಆಸ್ಪತ್ರೆಯ ಎಲೆಕ್ಟ್ರಿಷಿಯನ್. ವಯಸ್ಸು ಐವತ್ತೈದು ದಾಟಿರಬೇಕು. ಜೇಬಲ್ಲಿ ಟೆಸ್ಟರ್, ಹೆಗಲ ಮೇಲೆ ಟವೆಲ್. ಇಪ್ಪತ್ತೆರಡು ನಿಮಿಷದಲ್ಲಿ ನಾಲ್ಕು ಸಲ ಕೇಳಿದರು. ನಾಲ್ಕೂ ಸಲ ನನ್ನ ಉತ್ತರ ಒಂದೇ. "ಎರಡೇ ನಿಮಿಷ ಅಣ್ಣ."

ಆ ಆಸ್ಪತ್ರೆಯ ನೆಟ್‌ವರ್ಕ್ ನಮ್ಮ ಎಎಂಸಿ, ಅಂದ್ರೆ ವರ್ಷದ ಲೆಕ್ಕದಲ್ಲಿ ನೋಡಿಕೊಳ್ಳೋ ಗುತ್ತಿಗೆ ನಮ್ಮದು. ಸೋಮವಾರ ಬೆಳಗಿನ ಜಾವ ಕೋರ್ ಸ್ವಿಚ್ (ಗೋಡೆಯ ಸ್ವಿಚ್ ಅಲ್ಲ, ಎಲ್ಲ ಕಂಪ್ಯೂಟರ್‌ಗಳನ್ನೂ ಜೋಡಿಸುವ ಮುಖ್ಯ ಪೆಟ್ಟಿಗೆ) ಹ್ಯಾಂಗ್ ಆಗಿತ್ತು. ಬಿಲ್ಲಿಂಗ್, ಲ್ಯಾಬ್, ಫಾರ್ಮಸಿ ಎಲ್ಲವೂ ಅದನ್ನು ದಾಟಿಯೇ ಹೋಗಬೇಕು. ನನಗೆ ಫೋನ್ ಬರುವಷ್ಟರಲ್ಲಿ ಎಲ್ಲ ಸರಿಯಾಗಿತ್ತು. ಸರಿ ಮಾಡಿದ್ದು ಇದೇ ಅಣ್ಣ. 5.40ಕ್ಕೆ ಪ್ಲಗ್ ಕಿತ್ತು, ಹತ್ತು ಎಣಿಸಿ, ಮತ್ತೆ ಚುಚ್ಚಿದ್ದರು.

"ಪ್ಲಗ್ ಕೀಳೋಕೆ ಮುಂಚೆ ಸ್ವಿಚ್ ಹೇಗಿತ್ತಣ್ಣ?" ಅಂತ ಫೋನಲ್ಲೇ ಕೇಳಿದೆ.

"ಕೆಟ್ಟಿತ್ತು ಸಾರ್."

"ಅಲ್ಲ, ಲೈಟೆಲ್ಲ ಹೇಗಿದ್ವು?"

"ಉರೀತಾ ಇದ್ವು. ಆದ್ರೆ ಕೆಟ್ಟಿತ್ತು."

ಫೋನ್ ಇಟ್ಟ ಮೇಲೆ ಬೈಕೊಂಡೆ. ಈ ಕೆಲಸದಲ್ಲಿ ಇರುವವರಿಗೆಲ್ಲ ಈ ಬೈಗುಳ ಗೊತ್ತು. ಸ್ವಿಚ್ ತಾನಾಗೇ ಕುಸಿದು ಬಿದ್ದರೆ, ಬೀಳುವ ಮುಂಚೆ ಒಂದು ಕ್ರ್ಯಾಶ್ ಫೈಲ್ ಬರೆದಿಟ್ಟು ಬೀಳುತ್ತದೆ. ಯಾವ ಕೆಲಸ ಮಾಡ್ತಾ ಇದ್ದೆ, ಮೆಮೊರಿಯಲ್ಲಿ ಏನಿತ್ತು, ಕೊನೆಗೆ ಎಲ್ಲಿ ಎಡವಿದೆ ಅನ್ನೋದೆಲ್ಲ ಅದರಲ್ಲಿರುತ್ತದೆ. ನಾವೇ ಪ್ಲಗ್ ಕಿತ್ತರೆ ಅದಕ್ಕೆ ಬರೆಯೋಕೆ ಪುರುಸೊತ್ತೇ ಇಲ್ಲ. ಲಾಗ್, ಅಂದ್ರೆ ಸ್ವಿಚ್ಚಿನ ದಿನಚರಿ, ಇರೋದು ರ್‍ಯಾಮ್‌ನಲ್ಲಿ. ಕರೆಂಟ್ ಹೋಯ್ತು ಅಂದ್ರೆ ಲಾಗೂ ಹೋಯ್ತು. ಮತ್ತೆ ಎದ್ದ ಸ್ವಿಚ್ಚನ್ನು ಯಾಕಪ್ಪಾ ಬಿದ್ದೆ ಅಂತ ಕೇಳಿದರೆ, "ಪವರ್ ಆನ್ ಆಯ್ತು, ಎದ್ದೆ" ಅನ್ನುತ್ತದೆ. ಅಷ್ಟೇ.

ಮಂಗಳವಾರ ಸ್ವಿಚ್ ಕಂಪನಿಯ ಸಪೋರ್ಟ್‌ಗೆ ದೂರು ಕೊಟ್ಟೆ. ಅವರ ಮೇಲ್ ನನಗೆ ಬಾಯಿಪಾಠ. ತೊಂದರೆ ಇರುವಾಗಲೇ, ರೀಲೋಡ್ ಮಾಡುವ ಮುಂಚೆ, ಲಾಗ್ ತೆಗೆದು ಕಳಿಸಿ. ಹೇಳೋಕೇನು, ಅವರು ಎಸಿ ರೂಮಲ್ಲಿ ಕೂತಿರುತ್ತಾರೆ. ಆದ್ರೆ ತಪ್ಪು ಹೇಳ್ತಾರೆ ಅಂತಲ್ಲ. ನಮ್ಮ ಹೊಸ ಹುಡುಗನೊಬ್ಬ ಹೋದ ವರ್ಷ ಲಾಗ್ ಕಳಿಸು ಅಂದ್ರೆ ಸ್ಕ್ರೀನಿನ ಫೋಟೋ ಹೊಡೆದು ವಾಟ್ಸಾಪ್‌ನಲ್ಲಿ ಹಾಕಿದ್ದ. ಒಂದರಲ್ಲಿ ಅವನ ಮುಖವೇ ಸ್ಕ್ರೀನಲ್ಲಿ ಕಾಣ್ತಿತ್ತು. ಸಪೋರ್ಟ್‌ನವರ ಪಾಡೂ ಕಷ್ಟವೇ.

ಇರಲಿ, ಉಳಿದದ್ದನ್ನಾದರೂ ತೆಗೆಯೋಣ ಅಂತ ಬುಧವಾರ ಬೆಳಿಗ್ಗೆ ಬಸ್ ಹತ್ತಿದೆ. ಆಸ್ಪತ್ರೆ ಸೇರಿದಾಗ ಹತ್ತಕ್ಕೆ ಕಾಲು ಗಂಟೆ ಇತ್ತು. ಮ್ಯಾನೇಜರಿಗೆ ನಮಸ್ಕಾರ ಹೇಳಿ, ಮೆಟ್ಟಿಲ ಕೆಳಗಿನ ರ್‍ಯಾಕ್ ರೂಮಿನ ಬೀಗ ತೆಗೆಸಿದೆ. ಬ್ಯಾಗಿನಿಂದ ತಿಳಿನೀಲಿ ಕನ್ಸೋಲ್ ಕೇಬಲ್ ತೆಗೆಯೋದಕ್ಕೂ, ಹೊರಗೆ ಬಿಲ್ಲಿಂಗ್ ಕೌಂಟರಿನ ಹುಡುಗಿ "ಮತ್ತೆ ಹೋಯ್ತು!" ಅಂತ ಕೂಗೋದಕ್ಕೂ ಸರಿಹೋಯ್ತು.

ನನಗೆ ಮೊದಲು ಆದದ್ದು ಖುಷಿ. ಇದನ್ನು ಮುಚ್ಚಿಟ್ಟು ಬರೆಯೋದರಲ್ಲಿ ಅರ್ಥ ಇಲ್ಲ. ಕಳ್ಳ ಕೈಗೇ ಸಿಕ್ಕ ಅನ್ನಿಸಿತು.

ನೆಟ್‌ವರ್ಕ್ ಬಿದ್ದಾಗ ನೆಟ್‌ವರ್ಕ್ ಮೂಲಕ ಸ್ವಿಚ್ ಒಳಗೆ ಹೋಗೋಕಾಗಲ್ಲ. ಹಿತ್ತಲ ಬಾಗಿಲು ಅಂದ್ರೆ ಕನ್ಸೋಲ್. ಕೇಬಲ್ ಚುಚ್ಚಿದೆ, ಲ್ಯಾಪ್‌ಟಾಪಲ್ಲಿ ಪುಟ್ಟಿ ತೆರೆದೆ. (ಪುಟ್ಟಿ ಅಂದ್ರೆ ಸಾಫ್ಟ್‌ವೇರ್. ಮನೆಯಲ್ಲಿ ಫೋನಲ್ಲಿ ಮಾತಾಡುವಾಗ "ಪುಟ್ಟಿ ಓಪನ್ ಮಾಡು" ಅಂದಿದ್ದಕ್ಕೆ ಅಮ್ಮ ಒಂದು ಸಲ ಗಾಬರಿಯಾಗಿದ್ದರು.) ಎಂಟರ್ ಒತ್ತಿದರೆ ಉತ್ತರ ಬರೋಕೆ ನಾಲ್ಕೈದು ಸೆಕೆಂಡ್. ಅಂದ್ರೆ ಜೀವ ಇದೆ, ಉಸಿರಾಡೋಕೆ ಒದ್ದಾಡ್ತಿದೆ. ಸಿಪಿಯು ನೋಡಿದೆ. 99 ಪರ್ಸೆಂಟ್. ಒಂದೇ ಪ್ರಾಸೆಸ್ ಮುಕ್ಕಾಲು ಪಾಲು ತಿಂತಾ ಇತ್ತು.

"ಆಫ್ ಮಾಡ್ಲಾ ಸಾರ್?" ಇದು ಮೊದಲನೆಯದು. ಅಣ್ಣ ನನ್ನ ಹಿಂದೆ ಬಂದು ನಿಂತಿದ್ದೇ ಗೊತ್ತಾಗಿರಲಿಲ್ಲ.

"ಎರಡೇ ನಿಮಿಷ ಅಣ್ಣ."

ಶೋ ಟೆಕ್-ಸಪೋರ್ಟ್ ಹೊಡೆದೆ. ಈ ಒಂದು ಕಮಾಂಡ್ ಕೊಟ್ಟರೆ ಸ್ವಿಚ್ ತನ್ನ ಜಾತಕವನ್ನೆಲ್ಲ ಒದರುತ್ತದೆ. ಕಾನ್ಫಿಗರೇಷನ್, ಲಾಗ್, ಮೆಮೊರಿ, ಒಂದೊಂದು ಪೋರ್ಟಿನ ಲೆಕ್ಕ, ಫ್ಯಾನ್, ಬಿಸಿ, ಎಲ್ಲ. ಅಕ್ಷರಗಳು ಸ್ಕ್ರೀನ್ ಮೇಲೆ ಇರುವೆ ಸಾಲಿನ ಹಾಗೆ ಹತ್ತತೊಡಗಿದವು. ನಾನು ನೋಡ್ತಾ ನಿಂತೆ.

ರೂಮಿನ ಬಾಗಿಲು ತೆರೆದೇ ಇತ್ತು. ಅಲ್ಲಿಂದ ಓಪಿಡಿ ಕ್ಯೂ ಕಾಣ್ತಿತ್ತು. ಕ್ಯೂ ಅಂದ್ರೆ ಕ್ಯೂ ಅಲ್ಲ, ಜಾತ್ರೆ. ಮುಂದೆ ಒಬ್ಬರು ಅಜ್ಜಿ. ಎಕ್ಸ್‌ರೇ ಇರುವ ದೊಡ್ಡ ಕವರನ್ನು ಎದೆಗೆ ಒತ್ತಿ ಹಿಡಿದಿದ್ದರು. ಬಟ್ಟೆ ಅಂಗಡಿಯ ಕವರ್ ಅದು. ಅವರ ಮೊಮ್ಮಗ ಇರಬೇಕು, ಕೌಂಟರ್ ಹುಡುಗಿಯ ಜೊತೆ ಜಗಳಕ್ಕೆ ನಿಂತಿದ್ದ. ಹುಡುಗಿ ರಸೀದಿ ಪುಸ್ತಕ ಹುಡುಕ್ತಾ ಇದ್ದಳು. ಲ್ಯಾಬಿನ ಹುಡುಗ ರಿಪೋರ್ಟ್ ಚೀಟಿ ಹಿಡಿದು ಮೆಟ್ಟಿಲು ಹತ್ತಿ ಇಳಿದು ಓಡಾಡ್ತಿದ್ದ, ನನ್ನ ತಲೆ ಮೇಲೆಯೇ ದಡದಡ ಸದ್ದು. ಎಮರ್ಜೆನ್ಸಿ ಕೆಲಸ ಕಾಗದದಲ್ಲೇ ನಡೀತಿತ್ತು, ಅಲ್ಲಿ ಯಾರಿಗೂ ತೊಂದರೆ ಆಗಿಲ್ಲ. ಅದನ್ನು ಆಮೇಲೆ ಕೇಳಿ ಖಾತ್ರಿ ಮಾಡಿಕೊಂಡೆ. ಆಮೇಲೆ ಅನ್ನೋದನ್ನು ಗಮನಿಸಿ.

"ಆಫ್ ಮಾಡ್ಲಾ ಸಾರ್?"

"ಎರಡೇ ನಿಮಿಷ."

ಕನ್ಸೋಲ್ ಓಡೋದು 9600 ಬಾಡ್ ವೇಗದಲ್ಲಿ. ಲೆಕ್ಕ ಹಾಕಿದರೆ ಸೆಕೆಂಡಿಗೆ ಸುಮಾರು 960 ಅಕ್ಷರ. ಹತ್ತು ಲಕ್ಷ ಅಕ್ಷರದ ಫೈಲಿಗೆ ಹದಿನೇಳು ನಿಮಿಷದ ಮೇಲೆ ಬೇಕು. ಎರಡು ನಿಮಿಷ ಅನ್ನೋದು ಸುಳ್ಳು ಅಂತ ಹೇಳುವಾಗಲೇ ನನಗೆ ಗೊತ್ತಿತ್ತು.

ಮೂರನೇ ಸಲ ಕೇಳೋ ಹೊತ್ತಿಗೆ ಮ್ಯಾನೇಜರೂ ಬಂದರು. ಅವರದ್ದು ಬೇರೆ ಪ್ರಶ್ನೆ. "ಇದರಲ್ಲಿ ನಮ್ಮ ಪೇಷಂಟ್ ಡೇಟಾ ಹೊರಗೆ ಹೋಗಲ್ಲ ತಾನೆ?" ಇವರೊಬ್ಬರು ಬಂದ್ರು ಅಂತ ಮನಸ್ಸಲ್ಲೇ ಅಂದುಕೊಂಡು, ಇಲ್ಲ ಸಾರ್ ಅಂದೆ. ಈಗ ಯೋಚಿಸಿದರೆ ಅವತ್ತು ಆ ರೂಮಲ್ಲಿ ಕೇಳಿದ ಒಳ್ಳೇ ಪ್ರಶ್ನೆ ಅದೇ. ಶೋ ಟೆಕ್‌ನಲ್ಲಿ ರೋಗಿಗಳ ಫೈಲ್ ಇರಲ್ಲ, ನಿಜ. ಆದ್ರೆ ಇಡೀ ನೆಟ್‌ವರ್ಕಿನ ನಕ್ಷೆ ಇರುತ್ತದೆ. ಕೋರ್ ಡಂಪ್ ಆದ್ರೆ ಇನ್ನೂ ಜಾಸ್ತಿ. ಅದು ಮೆಮೊರಿಯ ಪಡಿಯಚ್ಚು. ಆ ಕ್ಷಣಕ್ಕೆ ಸಿಪಿಯು ಕೈಯಲ್ಲಿ ಯಾವ ಪ್ಯಾಕೆಟ್ (ನೆಟ್‌ವರ್ಕಲ್ಲಿ ಓಡುವ ಡೇಟಾದ ತುಂಡು) ಇತ್ತೋ ಅದರ ಚೂರೂ ಸಿಕ್ಕಿಬಿದ್ದಿರಬಹುದು. ಈ ಡಂಪ್‌ಗೆ ಕೋರ್ ಅನ್ನೋ ಹೆಸರೂ ಹಾಗೇ ಬಂದಿದ್ದು. ಹಳೇ ಕಂಪ್ಯೂಟರ್‌ಗಳ ಮೆಮೊರಿ ಅಂದ್ರೆ ತಂತಿಗೆ ಪೋಣಿಸಿದ ಸಣ್ಣ ಸಣ್ಣ ಅಯಸ್ಕಾಂತದ ಬಳೆಗಳು. ಆ ಬಳೆಗೆ ಕೋರ್ ಅಂತಿದ್ದರು. ಮೆಮೊರಿಯಲ್ಲಿ ಇದ್ದದ್ದನ್ನೆಲ್ಲ ಸುರಿದುಬಿಟ್ಟರೆ ಕೋರ್ ಡಂಪ್. ಬಳೆ ಹೋಯ್ತು, ಹೆಸರು ಉಳೀತು.

ನಾಲ್ಕನೇ ಸಲ ಅಣ್ಣ ಕೇಳಿದ್ದು ಬೇರೆ ರೀತಿ. ದನಿ ಜೋರಿರಲಿಲ್ಲ. "ಆಫ್ ಮಾಡ್ಲಾ ಸಾರ್? ಅಜ್ಜಿ ನಿಂತೇ ಅವ್ರೆ."

ನಾನು ಸ್ಕ್ರೀನ್ ನೋಡ್ತಾನೇ ಅಂದೆ. "ಎರಡೇ ನಿಮಿಷ ಅಣ್ಣ."

ಫೈಲ್ ಮುಗೀತು. ಅವರೇ ಪ್ಲಗ್ ಕಿತ್ತರು, ಹತ್ತು ಎಣಿಸಿದರು, ಚುಚ್ಚಿದರು. ಐದು ನಿಮಿಷದಲ್ಲಿ ಎಲ್ಲ ಬಂತು. ಕೌಂಟರ್ ಹುಡುಗಿ ಅವರ ಕಡೆ ನೋಡಿ ನಕ್ಕಳು. ನನ್ನ ಕಡೆ ಯಾರೂ ನೋಡಲಿಲ್ಲ.

ಆಮೇಲೆ ಕ್ಯಾಂಟೀನಲ್ಲಿ ಚಿತ್ರಾನ್ನ ತಿಂತಾ ಲಾಗ್ ಓದೋಕೆ ಕೂತೆ. ಒಂದೊಂದು ಸಾಲಿನ ಮುಂದೆಯೂ ಒಂದು ನಕ್ಷತ್ರ, ತಾರೀಕು ಮಾರ್ಚ್ 3. ವರ್ಷ ನೋಡಿದರೆ 1993. ಈ ಜಾತಿಯ ಸ್ವಿಚ್ಚಿನೊಳಗೆ ಬ್ಯಾಟರಿ ಇರುವ ಗಡಿಯಾರ ಇಲ್ಲ. ಯಾರಾದರೂ ಟೈಮ್ ಹೇಳಿಕೊಡದಿದ್ದರೆ ಪ್ರತಿ ಸಲ ಎದ್ದಾಗಲೂ ಅದಕ್ಕೆ 1993ರ ಮಾರ್ಚ್ 1, ಮಧ್ಯರಾತ್ರಿ. ನಕ್ಷತ್ರ ಅಂದ್ರೆ "ಈ ಟೈಮ್ ನಂಬಬೇಡಿ" ಅಂತ ಅದೇ ಹೇಳಿಕೊಳ್ಳೋದು. ಬೆರಳು ಮಡಚಿ ಎಣಿಸಿದೆ. ಸೋಮವಾರ 5.40ರಿಂದ ಎರಡು ದಿನ, ನಾಲ್ಕು ಗಂಟೆ, ಹತ್ತು ನಿಮಿಷ. ಬುಧವಾರ 9.50. ಹೊಂದಿಕೆ ಆಯ್ತು. ಲಾಗ್ ಬಫರ್, ಅಂದ್ರೆ ಲಾಗ್ ಹಿಡಿದಿಡೋ ಜಾಗ, ಬರೀ 4096 ಬೈಟ್. ಅಂದ್ರೆ ನಲವತ್ತು, ಐವತ್ತು ಸಾಲು. ಅದರಲ್ಲೂ ಮುಕ್ಕಾಲು ಭಾಗ ಯಾವುದೋ ರೂಮಿನ ಕಂಪ್ಯೂಟರ್ ಆನ್ ಆಯ್ತು, ಆಫ್ ಆಯ್ತು ಅನ್ನೋ ವರದಿ. ಬೇಕಾದ ಸಾಲುಗಳನ್ನು ಬೇಡದ ಸಾಲುಗಳು ಹೊರಗೆ ತಳ್ಳಿಬಿಟ್ಟಿದ್ದವು.

ಯಾರಪ್ಪಾ ಇದನ್ನು ಹೀಗೆ ಬಿಟ್ಟಿದ್ದು ಅಂತ ಬೈಯೋಕೆ ಬಾಯಿ ತೆರೆದೆ. ಕಾನ್ಫಿಗರೇಷನ್ ಮೇಲ್ಗಡೆ ನನ್ನದೇ ಯೂಸರ್ ಹೆಸರು. ಮೂರು ವರ್ಷದ ಹಿಂದೆ ಈ ಸ್ವಿಚ್ ಕೂರಿಸಿದವನು ನಾನೇ. ಟೈಮ್ ಸರ್ವರ್ ಇಲ್ಲ, ಲಾಗ್ ಕಳಿಸೋಕೆ ಸಿಸ್ಲಾಗ್ ಸರ್ವರ್ ಇಲ್ಲ. ಅವತ್ತು ಕೊನೇ ಬಸ್ಸಿಗೆ ಹೊತ್ತಾಗಿತ್ತು. ಮುಂದಿನ ವಿಸಿಟ್‌ನಲ್ಲಿ ಮಾಡೋಣ ಅಂದುಕೊಂಡಿದ್ದು ನೆನಪಿದೆ. ಅವತ್ತಿಂದ ಎಷ್ಟು ವಿಸಿಟ್ ಆದ್ವೋ. ಅಣ್ಣ ಸೋಮವಾರ ಲಾಗ್ ಕಳೆದರು ಅಂತ ಬೈದೆನಲ್ಲ, ಕಳೆಯೋಕೆ ಅಲ್ಲಿ ಇದ್ದದ್ದೇ ನಲವತ್ತು ಸಾಲು. ಅವತ್ತು ಮಧ್ಯಾಹ್ನವೇ ಕೂತು ಎರಡೂ ಹಾಕಿದೆ. ಅಕೌಂಟ್ಸ್ ರೂಮಿನ ಹಳೇ ಕಂಪ್ಯೂಟರ್ ಈಗ ಸಿಸ್ಲಾಗ್ ಸರ್ವರ್.

ಅದಕ್ಕಿಂತ ದೊಡ್ಡ ಪೆಟ್ಟು ಬಿದ್ದಿದ್ದು ವಾಪಸ್ ಬರುವ ಬಸ್ಸಲ್ಲಿ, ದಾಬಸ್‌ಪೇಟೆ ಹತ್ತಿರ. ಶೋ ಟೆಕ್ ಅನ್ನು ಸ್ಕ್ರೀನಿಗೆ ಸುರಿಯಬೇಕಾಗಿಯೇ ಇರಲಿಲ್ಲ. ಒಂದು ಗೀಟು ಹಾಕಿ, ರಿಡೈರೆಕ್ಟ್ ಅಂತ ಬರೆದು, ಸ್ವಿಚ್ಚಿನ ಸ್ವಂತ ಫ್ಲ್ಯಾಶ್‌ಗೇ ಉಳಿಸು ಅನ್ನಬಹುದಿತ್ತು. ಮೂರು ನಾಲ್ಕು ನಿಮಿಷದ ಕೆಲಸ. ಫ್ಲ್ಯಾಶ್‌ನಲ್ಲಿ ಇದ್ದದ್ದು ಪ್ಲಗ್ ಕಿತ್ತರೂ ಅಳಿಯಲ್ಲ. ಆಮೇಲೆ ಆರಾಮಾಗಿ ತೆಗೆದುಕೊಳ್ಳಬಹುದಿತ್ತು. ನನಗೆ ಗೊತ್ತಿಲ್ಲದ ವಿಷಯ ಅಲ್ಲ. ಹುಡುಗರಿಗೆ ನಾನೇ ಪಾಠ ಹೇಳಿದ್ದೇನೆ. ಗಡಿಬಿಡಿಯಲ್ಲಿ ಕೈ ಹಳೇ ದಾರಿ ಹಿಡೀತು, ಸ್ಕ್ರೀನ್ ಮೇಲೆ ಓಡುವ ಅಕ್ಷರ ನೋಡ್ತಾ ಏನೋ ಕೆಲಸ ಆಗ್ತಿದೆ ಅಂತ ಸಮಾಧಾನವಾಗಿ ನಿಂತುಬಿಟ್ಟೆ. ಎರಡನೇ ಸಲ ಅವರು ಕೇಳಿದಾಗಲೇ "ಮಾಡಿ ಅಣ್ಣ" ಅನ್ನಬಹುದಿತ್ತು.

ಹಾಗಂತ ಸೋಮವಾರ ಅವರು ಮಾಡಿದ್ದೇ ಪೂರ್ತಿ ಸರಿ ಅಂತಲೂ ನಾನು ಒಪ್ಪಲ್ಲ. ಅವತ್ತು ಸುಮ್ನೆ ಪ್ಲಗ್ ಕಿತ್ತಿದ್ದಕ್ಕೇ ಬುಧವಾರ ಮತ್ತೆ ಬಂತು. ಆದ್ರೆ ಈ ವಾದ ನನಗೇ ಪೂರ್ತಿ ರುಚಿಸ್ತಿಲ್ಲ. ಹೋದ ವರ್ಷ ಮಗನಿಗೆ ಜ್ವರ ಬಂದಾಗ, ಕ್ಲಿನಿಕ್ಕಿಗೆ ಹೋಗುವ ಮುಂಚೆ ಆಟೋದಲ್ಲೇ ಪ್ಯಾರಾಸಿಟಮಾಲ್ ಸಿರಪ್ ಕುಡಿಸಿದ್ದೆ. ಡಾಕ್ಟರ್ ಕೇಳಿದರು, ಔಷಧಿ ಕೊಡೋ ಮುಂಚೆ ಜ್ವರ ಎಷ್ಟಿತ್ತು? ನಾನು "ಜಾಸ್ತಿ ಇತ್ತು" ಅಂದೆ. ಡಾಕ್ಟರ್ ಪೆನ್ನು ಕೆಳಗಿಟ್ಟು ನನ್ನ ಮುಖ ನೋಡಿದರು. ಮಗು ಮಡಿಲಲ್ಲಿ ಕೆಂಡದ ಹಾಗೆ ಸುಡುವಾಗ ಥರ್ಮಾಮೀಟರ್ ಹುಡುಕ್ತಾ ಕೂರೋಕೆ ಆಗುತ್ತಾ? ಆ ಅಣ್ಣನ "ಕೆಟ್ಟಿತ್ತು ಸಾರ್"ಗೂ ನನ್ನ "ಜಾಸ್ತಿ ಇತ್ತು"ಗೂ ಏನು ವ್ಯತ್ಯಾಸ ಅಂತ ನಾಲ್ಕು ದಿನದಿಂದ ಹುಡುಕ್ತಾ ಇದ್ದೇನೆ.

ಶುಕ್ರವಾರ ಸಪೋರ್ಟ್‌ನಿಂದ ಉತ್ತರ ಬಂತು. ಫೈಲ್ ಸಿಕ್ಕಿದೆ, ಧನ್ಯವಾದ. ಆದ್ರೆ ಸಿಪಿಯು ಲೆಕ್ಕ ಒಂದೇ ಸಲದ್ದು ಸಾಲದು. ಮುಂದಿನ ಸಲ ತೊಂದರೆ ಬಂದಾಗ ನಿಮಿಷಕ್ಕೊಂದರಂತೆ ಮೂರು ಸಲ ತೆಗೆದು ಕಳಿಸಿ. ನಾನು ಮೇಲ್ ಮುಚ್ಚಿ ಹೋಗಿ ಕಾಫಿ ಕುಡಿದು ಬಂದೆ.

ನಿನ್ನೆ ಶನಿವಾರ ಮತ್ತೆ ಹೋಗಿದ್ದೆ. ರ್‍ಯಾಕ್‌ನಲ್ಲಿ ಒಂದು ಹಳೇ ಲ್ಯಾಪ್‌ಟಾಪ್ ಇಟ್ಟು, ಕನ್ಸೋಲ್ ಕೇಬಲ್ ಚುಚ್ಚಿ, 4ಜಿ ಡಾಂಗಲ್ ಹಾಕಿ ಬಂದೆ. ಇನ್ಮೇಲೆ ಸ್ವಿಚ್ ಹ್ಯಾಂಗ್ ಆದರೆ ಬೆಂಗಳೂರಿಂದಲೇ ಒಳಗೆ ಹೋಗಬಹುದು. ಕಮಾಂಡೆಲ್ಲ ಒಂದು ಫೈಲಲ್ಲಿ ಬರೆದಿಟ್ಟಿದ್ದೇನೆ, ಎಲ್ಲ ಫ್ಲ್ಯಾಶ್‌ಗೇ ಹೋಗುತ್ತದೆ. ರ್‍ಯಾಕ್ ಬಾಗಿಲಿಗೆ ಒಂದು ಕಾಗದ ಅಂಟಿಸಿದೆ. ನನಗೆ ಫೋನ್ ಮಾಡಿ. ಲೈಟುಗಳ ವಿಡಿಯೋ ತೆಗೆಯಿರಿ. ಟೈಮ್ ಬರೆದಿಡಿ. ಐದು ನಿಮಿಷ ಆದ ಮೇಲೆ, ನಾನು ಏನೇ ಹೇಳಿದರೂ, ಪ್ಲಗ್ ಕೀಳಿ.

ಅಣ್ಣ ಕನ್ನಡಕ ಏರಿಸಿ ಎರಡು ಸಲ ಓದಿದರು. ಕೊನೇ ಸಾಲಿಗೆ ನಗಲಿಲ್ಲ. ಆಮೇಲೆ ತಮ್ಮ ಕೈಗಡಿಯಾರ ನೋಡಿಕೊಂಡರು.

"ನನ್ ವಾಚು ಏಳು ನಿಮ್ಷ ಮುಂದೈತೆ ಸಾರ್. ಬಸ್ಸಿಗೆ ಅಂತ ಇಟ್ಕೊಂಡಿರೋದು. ಪರವಾಗಿಲ್ವಾ?"

ಪರವಾಗಿಲ್ಲ, ಏಳು ನಿಮಿಷ ಮುಂದಿದೆ ಅಂತಲೂ ಪಕ್ಕದಲ್ಲಿ ಬರೆದುಬಿಡಿ ಅಂದೆ. ಪೆನ್ನು ಕೇಳಿದರು, ಕೊಟ್ಟೆ. ಕಾಗದದ ಮೂಲೆಯಲ್ಲಿ ಅಲ್ಲೇ ನಿಂತು ಬರೆದರು.