ತುಕ್ಕಿಲ್ಲದ ಮಿಯಾಟಾ ಹುಡುಕಿಕೊಂಡು

ಏಳು ಸಾವಿರ ಡಾಲರ್ ಇಟ್ಟುಕೊಂಡು ಅಮೆರಿಕದಲ್ಲಿ ಸ್ಪೋರ್ಟ್ಸ್ ಕಾರು ಕೊಳ್ಳಲು ಹೊರಟವನಿಗೆ ಆಯ್ಕೆಗಳ ಕೊರತೆಯಿಲ್ಲ. ಆಯ್ಕೆಗಳು ಹೆಚ್ಚಾಗಿರುವುದೇ ತೊಡಕು. 2018ರಲ್ಲಿ ನಾನು ಹುಡುಕಾಟಕ್ಕಿಳಿದಾಗ ಅಷ್ಟು ಹಣಕ್ಕೆ ಮೊದಲ ತಲೆಮಾರಿನ ಪೋರ್ಶೆ ಬಾಕ್ಸ್‌ಸ್ಟರ್ ಕೂಡ ಸಿಗುತ್ತಿತ್ತು. ಆದರೆ ಹಳೆಯ ದುಬಾರಿ ಕಾರಿನ ಬೆಲೆ ಇಳಿದರೂ ಅದರ ಬಿಡಿಭಾಗಗಳ ಬೆಲೆ ಇಳಿಯುವುದಿಲ್ಲ. ಆ ಎಂಜಿನ್ನಿನ ಇಂಟರ್‌ಮೀಡಿಯೆಟ್ ಶಾಫ್ಟ್ ಬೇರಿಂಗ್ ಕೈಕೊಟ್ಟರೆ ಎಂಜಿನ್ನೇ ಹಾಳಾಗಬಹುದು, ಆಗ ರಿಪೇರಿಯ ಖರ್ಚು ಕಾರಿನ ಬೆಲೆಯನ್ನೂ ಮೀರುತ್ತದೆ. ಎಲ್ಲ ಬಾಕ್ಸ್‌ಸ್ಟರ್‌ಗಳಿಗೂ ಹಾಗಾಗುವುದಿಲ್ಲವೆಂದು ಗೊತ್ತಿದ್ದರೂ, ಒಂದೇ ರಿಪೇರಿಗೆ ಇಡೀ ಗಂಟು ಕರಗಿಹೋಗುವ ಕಾರು ನನ್ನಂಥವನಿಗಲ್ಲ ಎಂದು ತೀರ್ಮಾನಿಸಿ ಮಾಜ್ಡಾ ಮಿಯಾಟಾದ ಕಡೆಗೆ ತಿರುಗಿದೆ.

1989ರಲ್ಲಿ ಶಿಕಾಗೊ ವಾಹನ ಪ್ರದರ್ಶನದಲ್ಲಿ ಮೊದಲು ಕಾಣಿಸಿಕೊಂಡ ಈ ಎರಡು ಆಸನದ ಕಾರು 2016ರ ಹೊತ್ತಿಗೆ ಹತ್ತು ಲಕ್ಷದ ಗಡಿ ಮುಟ್ಟಿತ್ತು. ಅಷ್ಟೊಂದು ತಯಾರಾದ ಕಾರಿಗೆ ಬಿಡಿಭಾಗ ಅಗ್ಗವಾಗಿ ಸಿಗುತ್ತದೆ, ಮನೆಯ ಗ್ಯಾರೇಜಿನಲ್ಲೇ ಬಿಚ್ಚಿ ಜೋಡಿಸಬಹುದಾದಷ್ಟು ಸರಳವಾಗಿಯೂ ಇದೆ. ಅದರ ಶಕ್ತಿ ಮಾತ್ರ ಸಾಧಾರಣ. 2001ರ ಮಾದರಿಗೆ 155 ಅಶ್ವಶಕ್ತಿಯೆಂದು ಜಾಹೀರಾತು ಕೊಟ್ಟ ಕಂಪನಿ, ನಿಜವಾಗಿ ಇರುವುದು 142 ಎಂದು ಆಮೇಲೆ ತಿದ್ದಿಕೊಂಡು, ಬೇಡವೆಂದವರಿಂದ ಕಾರನ್ನು ಮರಳಿ ಕೊಳ್ಳಲೂ ಮುಂದಾಗಿತ್ತು. ಸುಮಾರು 1,080 ಕಿಲೊ ತೂಗುವ ಕಾರಿಗೆ 142 ಕಡಿಮೆಯೇನಲ್ಲ ಎಂಬುದು ನನ್ನ ಎಣಿಕೆ.

ನಿಜವಾದ ಕಷ್ಟ ಎದುರಾದದ್ದು ಊರಿನ ಹವೆಯಿಂದ. ನಾನಿರುವ ಕ್ಲೀವ್‌ಲ್ಯಾಂಡ್ ಈರಿ ಸರೋವರದ ದಡದಲ್ಲಿದೆ. ಚಳಿಗಾಲವಿಡೀ ಹಿಮ ಕರಗಿಸಲು ರಸ್ತೆಗೆ ಸುರಿಯುವ ಉಪ್ಪು ಕಾರಿನ ಅಡಿಗೆ ತುಕ್ಕು ಹಿಡಿಸುತ್ತದೆ. ಹತ್ತಿರದಲ್ಲೇ ನೋಡಿದ ಮಿಯಾಟಾಗಳು ಮೇಲಿನಿಂದ ಕನ್ನಡಿಯಂತಿದ್ದವು, ಕೆಳಗೆ ಟಾರ್ಚು ಬಿಟ್ಟರೆ ಚಾಸಿಯ ಮುಂಭಾಗದ ತೊಲೆಗಳು ಪದರು ಪದರಾಗಿ ಉದುರುತ್ತಿದ್ದವು. ಎಂಜಿನ್ ಹೋದರೆ ಇನ್ನೊಂದು ಎಂಜಿನ್ ತಂದು ಕೂರಿಸಬಹುದು, ಆದರೆ ಉಕ್ಕು ಹೋದ ಕಾರಿಗೆ ವೆಲ್ಡಿಂಗ್ ಮಾಡಿಸುತ್ತಾ ಕೂರುವುದು ಕಾಸಿದ್ದವರ ಹವ್ಯಾಸ. ಆದ್ದರಿಂದ ಮೈಲಿ ಎಷ್ಟೇ ಓಡಿರಲಿ, ತುಕ್ಕಿಲ್ಲದ ಕಾರೇ ಬೇಕೆಂದು, ರಸ್ತೆಗೆ ಉಪ್ಪು ಹೆಚ್ಚು ಬೀಳದ ದಕ್ಷಿಣದ ರಾಜ್ಯಗಳ ಜಾಹೀರಾತುಗಳನ್ನು ನೋಡತೊಡಗಿದೆ. ಟೆನೆಸಿಯ ನಾಕ್ಸ್‌ವಿಲ್‌ನಲ್ಲಿ 2001ರ ಕಾರೊಂದು ಕಣ್ಣಿಗೆ ಬಿತ್ತು: 95,000 ಮೈಲಿ, ಕೇಳುವ ಬೆಲೆ 6,200 ಡಾಲರ್.

ಮಾರ್ಚ್ ಕೊನೆಯ ವಾರ, ಮಳೆ ಬಂದು ರಸ್ತೆಯ ಉಪ್ಪು ತೊಳೆದುಹೋದ ಮೇಲೆ, ಪುತ್ತೂರಿನ ಗೆಳೆಯನನ್ನು ಜೊತೆ ಮಾಡಿಕೊಂಡು ಅವನ ಕಾರಿನಲ್ಲಿ ಹೊರಟೆ. ಕ್ಲೀವ್‌ಲ್ಯಾಂಡಿನಿಂದ ಸಿನ್ಸಿನಾಟಿ, ಅಲ್ಲಿಂದ ನೇರ ದಕ್ಷಿಣಕ್ಕೆ, ಒಟ್ಟು ಸುಮಾರು ಐನೂರು ಮೈಲಿಯ ದಾರಿ. "ಎರಡು ಸೀಟಿನ ಕಾರಿಗೆ ಇಷ್ಟು ದೂರ ಹೋಗುವವ ನೀನೊಬ್ಬನೇ ಮಾರಾಯಾ" ಎಂದು ಅವನು ದಾರಿಯುದ್ದಕ್ಕೂ ಗೊಣಗಿದ. ಅದರ ಡಿಕ್ಕಿ 144 ಲೀಟರಿನಷ್ಟೇ ಎಂಬ ಸಂಗತಿಯನ್ನು ಅವನಿಗೂ ಹೇಳಲಿಲ್ಲ, ಮನೆಯಲ್ಲೂ ಹೇಳಿರಲಿಲ್ಲ.

ನಾವು ಬರುವ ಮೊದಲು ಎಂಜಿನ್ ಶುರು ಮಾಡಬೇಡಿ ಎಂದು ಮಾಲೀಕರನ್ನು ಫೋನಿನಲ್ಲೇ ಕೇಳಿಕೊಂಡಿದ್ದೆ, ಏಕೆಂದರೆ ಬಿಸಿಯಾದ ಎಂಜಿನ್ ತನ್ನ ಎಷ್ಟೋ ರೋಗಗಳನ್ನು ಮುಚ್ಚಿಟ್ಟುಕೊಳ್ಳುತ್ತದೆ. ನಿವೃತ್ತರಾದ ಆ ಹಿರಿಯರು ಮಾತಿಗೆ ತಪ್ಪಿರಲಿಲ್ಲ. ಬಾನೆಟ್ ಮುಟ್ಟಿದರೆ ತಣ್ಣಗಿತ್ತು. ಬಟ್ಟೆ ಸುತ್ತಿದ ಅಯಸ್ಕಾಂತವನ್ನು ಬಾಗಿಲ ಕೆಳಗಿನ ಟೊಳ್ಳು ತಗಡಿನ ಉದ್ದಕ್ಕೂ ಹಿಡಿದು ನೋಡಿದೆ. ಎಲ್ಲಾದರೂ ಪುಟ್ಟಿ ಮೆತ್ತಿದ್ದರೆ ಅದು ಅಂಟುವುದಿಲ್ಲ. ಬಳಿಕ ಮಾಡಿದ ಪರೀಕ್ಷೆ ಮಾಲೀಕರಿಗೂ ಹೊಸದು. ಈ ಕಾರಿನ ಬಟ್ಟೆಯ ಮಾಡಿನ ಮೇಲೆ ಬಿದ್ದ ಮಳೆನೀರು ಸೀಟುಗಳ ಹಿಂದಿರುವ ಕೊಳವೆಗಳಿಂದ ಕೆಳಗಿಳಿದು ಹಿಂದಿನ ಚಕ್ರಗಳ ಮುಂದೆ ಹೊರಬೀಳಬೇಕು. ಎಲೆ, ಕಸ ಸಿಕ್ಕಿಕೊಂಡರೆ ನೀರು ಆ ಟೊಳ್ಳಿನಲ್ಲೇ ನಿಂತು, ಉಪ್ಪೇ ಕಾಣದ ಊರಿನಲ್ಲೂ ತಗಡನ್ನು ಒಳಗಿನಿಂದ ತಿನ್ನುತ್ತದೆ. ಒಂದು ಲೋಟ ನೀರು ಕೇಳಿ ಪಡೆದು ಎರಡೂ ಬದಿಗೆ ನಿಧಾನವಾಗಿ ಸುರಿದೆ. ಗೆಳೆಯ ನೆಲಕ್ಕೆ ಮಲಗಿ "ಇಲ್ಲಿ ಬಂತು, ಅಲ್ಲೂ ಬಂತು" ಎಂದು ಕೂಗಿದಾಗ, ಕಾರು ಓಡಿಸುವ ಮೊದಲೇ ನನ್ನ ಅರ್ಧ ಮನಸ್ಸು ಆಗಿಹೋಗಿತ್ತು.

ಉಳಿದರ್ಧ ಚೌಕಾಸಿಗೆ ಬೇಕಿತ್ತು. ಟೈರುಗಳ ಹಲ್ಲು ಆಳವಾಗಿಯೇ ಇತ್ತು, ಆದರೆ ಪಕ್ಕದಲ್ಲಿ ಒತ್ತಿದ್ದ ಕೊನೆಯ ನಾಲ್ಕು ಅಂಕಿ 1109 ಎಂದಿತ್ತು, ಅಂದರೆ 2009ರ ಹನ್ನೊಂದನೆಯ ವಾರದಲ್ಲಿ ತಯಾರಾದವು. ಒಂಬತ್ತು ವರ್ಷದ ರಬ್ಬರು ಒದ್ದೆ ರಸ್ತೆಯಲ್ಲಿ ನಂಬಲು ತಕ್ಕದ್ದಲ್ಲ. ರೇಡಿಯೇಟರಿನ ಮೇಲಿನ ಪ್ಲಾಸ್ಟಿಕ್ಕು ಕಪ್ಪು ಬಣ್ಣ ಕಳೆದುಕೊಂಡು ಕಂದಾಗಿತ್ತು, ಅದು ಒಡೆಯುವ ಕಾಲ ಹತ್ತಿರವಾದ ಸೂಚನೆ. ಟೈಮಿಂಗ್ ಬೆಲ್ಟ್ ಮತ್ತು ವಾಟರ್ ಪಂಪ್ ಬದಲಾಯಿಸಿದ ರಸೀದಿಗಳನ್ನು ಮಾತ್ರ ಅವರು ಫೈಲಿನಲ್ಲಿ ಜೋಡಿಸಿಟ್ಟಿದ್ದರು. ಹಾಗೆ ರಸೀದಿ ಕೂಡಿಡುವವರು ಎಣ್ಣೆಯನ್ನೂ ಹೊತ್ತಿಗೆ ಸರಿಯಾಗಿ ಬದಲಾಯಿಸಿರುತ್ತಾರೆ ಎಂದು ನಾನು ನಂಬುತ್ತೇನೆ. ಆದರೂ ಆ ಊರಿನ ಮೆಕ್ಯಾನಿಕ್ ಒಬ್ಬರಲ್ಲಿ ಹಣ ಕೊಟ್ಟು ಕಂಪ್ರೆಷನ್ ಪರೀಕ್ಷೆ ಮಾಡಿಸಿದೆ. ನಾಲ್ಕೂ ಸಿಲಿಂಡರುಗಳ ಒತ್ತಡದಲ್ಲಿ ಹೇಳಿಕೊಳ್ಳುವಂಥ ಅಂತರವಿರಲಿಲ್ಲ, ಅದು ಎಂಜಿನ್ ಗಟ್ಟಿಯಾಗಿರುವ ಲಕ್ಷಣ.

ಓಡಿಸಿದ್ದು ಎಲ್ಲಕ್ಕಿಂತ ಕೊನೆಗೆ. ಗೇರಿನ ಕೋಲು ಮಣಿಕಟ್ಟಿನ ಒಂದು ತಿರುವಿಗೇ ಸ್ಥಾನ ಬದಲಿಸುತ್ತಿತ್ತು. ಗುಡ್ಡದ ತಿರುವುಗಳಲ್ಲಿ ಕಾರು ಹೊರಕ್ಕೆ ವಾಲದೆ ನಾನು ನೋಡಿದತ್ತಲೇ ಹೊರಳುತ್ತಿತ್ತು. ವೇಗಮಾಪಕ ಐವತ್ತು ಮೈಲಿ ದಾಟಿರದಿದ್ದರೂ ಬಹಳ ಜೋರಾಗಿ ಹೋಗುತ್ತಿರುವ ಅನುಭವ. ಇನ್ನೂರು ಮೈಲಿ ವೇಗದ ಕಾರು ಕೊಂಡವರಿಗೆ ಈ ಸುಖ ಯಾವ ರಸ್ತೆಯಲ್ಲಿ, ಯಾವ ಪೊಲೀಸರ ಎದುರು ಸಿಗುತ್ತದೋ ಕಾಣೆ.

ಟೈರು, ರೇಡಿಯೇಟರುಗಳ ಲೆಕ್ಕ ಮುಂದಿಟ್ಟು 5,300 ಎಂದೆ, ಅವರು ತುಸು ಹೊತ್ತು ಸುಮ್ಮನಿದ್ದು 5,500 ಎಂದರು, ಕೈ ಕುಲುಕಿದೆ. ಉಳಿದ ಸಾವಿರದೈನೂರರಲ್ಲಿ ತೆರಿಗೆ ಮತ್ತು ನೋಂದಣಿಯ ಖರ್ಚು ಕಳೆದು, ನಾಲ್ಕು ಟೈರು ಹಾಕಿಸಿ, ರೇಡಿಯೇಟರನ್ನು ನಾವಿಬ್ಬರೇ ಒಂದು ಶನಿವಾರ ಕೂತು ಬದಲಾಯಿಸಿದೆವು. ಮಿಕ್ಕ ಹಣ ಕಾರಿನ ಅಡಿಗೆ ತುಕ್ಕುನಿರೋಧಕ ಎಣ್ಣೆ ಹೊಡೆಸಲು ಹೋಯಿತು. ನವೆಂಬರಿನಲ್ಲಿ ಉಪ್ಪಿನ ಲಾರಿಗಳು ಬೀದಿಗಿಳಿದ ಮೇಲೆ ಅದು ಗ್ಯಾರೇಜಿನಿಂದ ಹೊರಗೆ ಬರುವುದಿಲ್ಲ. ಆಗೆಲ್ಲ ನನ್ನನ್ನು ಆಫೀಸಿಗೆ ಒಯ್ಯುವುದು, ಕೆಳಗೆಲ್ಲ ತುಕ್ಕು ಹಿಡಿದ ಹಳೆಯ ಟೊಯೋಟಾ.