ಆಫೀಸಿಗೆ ಹೊರಡುವ ಮುನ್ನ 39ನೇ ಖಾನೆ ನೋಡಿ

ಅಮೆರಿಕದ ಫೆಡರಲ್ ನೌಕರಿಯಲ್ಲಿರುವವರಿಗೆ ಎಸ್‌ಎಫ್-50 ಹೊಸದಲ್ಲ. ನೇಮಕ, ಬಡ್ತಿ, ವರ್ಗಾವಣೆ, ಸಂಬಳ ಏರಿಕೆ, ಏನೇ ಆದರೂ ಸೇವಾ ಕಡತಕ್ಕೆ ಬಂದು ಸೇರುವ ಹಾಳೆ ಅದು. ಅದರ 39ನೇ ಖಾನೆಯಲ್ಲಿ ಒಂದು ಊರಿನ ಹೆಸರಿರುತ್ತದೆ. ಅದೇ ನಿಮ್ಮ ಡ್ಯೂಟಿ ಸ್ಟೇಷನ್, ಅಂದರೆ ದಾಖಲೆಯ ಪ್ರಕಾರ ನೀವು ಕೆಲಸ ಮಾಡುವ ಜಾಗ. ವರ್ಷಗಟ್ಟಲೆ ಯಾರೂ ಕಣ್ಣೆತ್ತಿ ನೋಡದ ಖಾನೆ. ಆದರೆ ‘ವಾರದ ಐದೂ ದಿನ ಆಫೀಸಿಗೆ ಬನ್ನಿ’ ಎಂಬ ಆದೇಶ ಬಂದ ಮೇಲೆ ಸಂಬಳ ಎಷ್ಟು, ಮನೆ ಬದಲಿಸುವ ಖರ್ಚು ಯಾರದು, ಬರುವುದಿಲ್ಲ ಎಂದರೆ ಏನಾಗುತ್ತದೆ ಎಂಬುದೆಲ್ಲ ಆ ಒಂದು ಹೆಸರಿನ ಮೇಲೆ ನಿಂತಿದೆ.

ಆದೇಶವೇನೋ ಕೆಲವೇ ಸಾಲಿನದು. 2025ರ ಜನವರಿ 20ರಂದು, ಅಧಿಕಾರ ವಹಿಸಿಕೊಂಡ ದಿನವೇ, ಅಧ್ಯಕ್ಷ ಟ್ರಂಪ್ ಸಹಿ ಹಾಕಿದರು: ರಿಮೋಟ್ ಕೆಲಸದ (ಪೂರ್ತಿ ಮನೆಯಿಂದಲೇ ಮಾಡುವ ಕೆಲಸದ) ವ್ಯವಸ್ಥೆ ಕೊನೆಗೊಳಿಸಿ, ನೌಕರರನ್ನು ಅವರವರ ಡ್ಯೂಟಿ ಸ್ಟೇಷನ್‌ಗೆ ಪೂರ್ಣಾವಧಿಗೆ ಕರೆಸಿ, ಅಗತ್ಯವೆನಿಸಿದ ಕಡೆ ಇಲಾಖೆಯ ಮುಖ್ಯಸ್ಥರು ವಿನಾಯಿತಿ ಕೊಡಬಹುದು. ಎರಡು ದಿನದ ನಂತರ ಸಿಬ್ಬಂದಿ ನಿರ್ವಹಣಾ ಕಚೇರಿ ಒಪಿಎಂ ಇದಕ್ಕೆ ಕೈಕಾಲು ಮೂಡಿಸಿತು. ಜನವರಿ 24ರ ಸಂಜೆ 5ರೊಳಗೆ ಟೆಲಿವರ್ಕ್ (ಕೆಲವು ದಿನ ಮನೆಯಿಂದ ಕೆಲಸ) ನೀತಿ ತಿದ್ದಬೇಕು, ಸುಮಾರು 30 ದಿನದಲ್ಲಿ ಜಾರಿಯಾಗಬೇಕು. ಅಂಗವೈಕಲ್ಯ, ವೈದ್ಯಕೀಯ ಸ್ಥಿತಿ, ಅಥವಾ ಇಲಾಖೆಯ ಮುಖ್ಯಸ್ಥರೂ ಮೇಲಧಿಕಾರಿಯೂ ದೃಢೀಕರಿಸಿದ ಬೇರೆ ಬಲವಾದ ಕಾರಣ ಇದ್ದವರಿಗೆ ಮಾತ್ರ ರಿಯಾಯಿತಿ. ಸೈನಿಕರ ಪತಿ ಅಥವಾ ಪತ್ನಿಯರನ್ನೂ ಆಮೇಲೆ ಈ ಪಟ್ಟಿಗೆ ಸೇರಿಸಲಾಯಿತು.

ಅಂಕಿಅಂಶದ ಜಗಳ ಬಂದಾಗ ಎರಡು ಸಂಖ್ಯೆಗಳು ಓಡಾಡುತ್ತವೆ. ಬಜೆಟ್ ಕಚೇರಿ ಒಎಂಬಿ 2024ರ ಆಗಸ್ಟ್‌ನಲ್ಲಿ ಸಂಸತ್ತಿಗೆ ಕೊಟ್ಟ ವರದಿಯ ಪ್ರಕಾರ ಲೆಕ್ಕಕ್ಕೆ ಬಂದ 22.8 ಲಕ್ಷ ನಾಗರಿಕ ನೌಕರರಲ್ಲಿ ಅರ್ಧಕ್ಕಿಂತ ಹೆಚ್ಚಿನವರು ಮೊದಲಿನಿಂದಲೂ ಪೂರ್ತಿ ಕೆಲಸದ ಜಾಗದಲ್ಲೇ ಇದ್ದವರು. ಪೂರ್ತಿ ರಿಮೋಟ್ ಇದ್ದವರು ಶೇ 10ರಷ್ಟು. ಟೆಲಿವರ್ಕ್‌ಗೆ ಅರ್ಹರಾದವರೂ ಸುಮಾರು ಶೇ 61ರಷ್ಟು ಗಂಟೆಗಳನ್ನು ಆಫೀಸಿನಲ್ಲೇ ಕಳೆಯುತ್ತಿದ್ದರು. ಇನ್ನೊಂದು ಕಡೆ, ಸರ್ಕಾರಿ ಲೆಕ್ಕಪತ್ರ ಪರಿಶೀಲನಾ ಸಂಸ್ಥೆ ಜಿಎಓ 2023ರಲ್ಲಿ ಹೇಳಿದ್ದು: 24 ದೊಡ್ಡ ಇಲಾಖೆಗಳಲ್ಲಿ 17 ತಮ್ಮ ಕೇಂದ್ರ ಕಚೇರಿಯ ಸಾಮರ್ಥ್ಯದ ಶೇ 25 ಅಥವಾ ಅದಕ್ಕಿಂತ ಕಡಿಮೆ ಬಳಸುತ್ತಿವೆ. ಎರಡೂ ನಿಜ. ಒಂದು ಇಡೀ ದೇಶದ ಕೆಲಸದ ಗಂಟೆ ಎಣಿಸಿದೆ, ಇನ್ನೊಂದು ಕೇಂದ್ರ ಕಚೇರಿಗಳ ಜಾಗ ಎಣಿಸಿದೆ. ವಾದ ಮಾಡುವವರು ತಮಗೆ ಬೇಕಾದ್ದನ್ನು ಎತ್ತಿಕೊಳ್ಳುತ್ತಾರೆ, ಅಷ್ಟೇ.

ಈಗ ಖಾನೆಗೆ ಬರೋಣ. ಮನೆಯಿಂದ ಕೆಲಸ ಮಾಡುತ್ತಿದ್ದವರನ್ನೆಲ್ಲ ಮಾತಿನಲ್ಲಿ ಒಂದೇ ಬುಟ್ಟಿಗೆ ಹಾಕುತ್ತೇವೆ. ಕಾನೂನು ಹಾಗೆ ಮಾಡುವುದಿಲ್ಲ. ಟೆಲಿವರ್ಕ್ ಎಂದರೆ ಡ್ಯೂಟಿ ಸ್ಟೇಷನ್ ಆಫೀಸೇ. ಕೆಲವು ದಿನ ಮನೆಯಿಂದ ಕೆಲಸ ಮಾಡಲು ಲಿಖಿತ ಒಪ್ಪಂದ ಇದೆ, 2010ರ ಟೆಲಿವರ್ಕ್ ಕಾಯ್ದೆಯಡಿ. ರಿಮೋಟ್ ಎಂದರೆ ಡ್ಯೂಟಿ ಸ್ಟೇಷನ್ ನಿಮ್ಮ ಮನೆ ಇರುವ ಊರೇ. ನಿಮ್ಮ ಮೇಲಧಿಕಾರಿ ಬಾಯಲ್ಲಿ ಏನು ಕರೆಯುತ್ತಾರೆ ಎಂಬುದಕ್ಕೆ ಬೆಲೆಯಿಲ್ಲ. 39ರಲ್ಲಿ ವಾಷಿಂಗ್ಟನ್ ಎಂದಿದ್ದು ನೀವು ಪೆನ್ಸಿಲ್ವೇನಿಯಾದ ಮನೆಯಲ್ಲಿ ಕೂತಿದ್ದರೆ ನೀವು ಟೆಲಿವರ್ಕರ್.

ಮೊದಲು ಟೆಲಿವರ್ಕರ್‌ಗಳ ಕಥೆ. ಇವರಿಗೇ ಪೆಟ್ಟು ಹೆಚ್ಚು, ಕಾಪು ಕಡಿಮೆ. ಡ್ಯೂಟಿ ಸ್ಟೇಷನ್ ಬದಲಾಗಿಲ್ಲವಾದ್ದರಿಂದ ಕಾಗದದ ಮೇಲೆ ಏನೂ ಆಗಿಯೇ ಇಲ್ಲ. ಒಂದು ಅನುಕೂಲ ಹಿಂದಕ್ಕೆ ಹೋಗಿದೆ, ಅಷ್ಟೇ. ದಿನಕ್ಕೆ ನಾಲ್ಕು ಗಂಟೆ ರಸ್ತೆಯಲ್ಲಿ ಕಳೆದರೂ ಅದು ಕೆಲಸದ ಸಮಯವಲ್ಲ. ಹತ್ತಿರಕ್ಕೆ ಮನೆ ಬದಲಿಸಿದರೆ ಸಾಗಾಟದ ದುಡ್ಡೂ ಇಲ್ಲ. ಬರದೆ ಕೂತರೆ ಅದು ಎಡಬ್ಲ್ಯೂಓಎಲ್, ಅಂದರೆ ಅನುಮತಿಯಿಲ್ಲದ ಗೈರು. ಅದರ ಮೇಲೆ ಕೆಲಸ ಹೋದರೆ ಅದು ದುರ್ನಡತೆಯ ವಜಾ. ಪರಿಹಾರ ಧನದ ಮಾತೇ ಇಲ್ಲ. ಮನೆಯಿಂದ ಲಾಗಿನ್ ಆಗಿ ಕೆಲಸ ಮುಗಿಸಿದ್ದೇನೆ ಎನ್ನುವುದು ಇಲ್ಲಿ ರಕ್ಷಣೆಯಾಗುವುದಿಲ್ಲ.

ಇವರಲ್ಲೇ ಕೆಲವರಿಗೆ ಇನ್ನೊಂದು ಹಳೆಯ ಬಾಕಿ ಎದ್ದು ಬರುತ್ತದೆ. ಆಫೀಸಿನ ಊರಿನ ಲೊಕ್ಯಾಲಿಟಿ ಪೇ (ಊರು ನೋಡಿ ಮೂಲ ಸಂಬಳಕ್ಕೆ ಸೇರಿಸುವ ಹೆಚ್ಚುವರಿ) ಸಿಗಬೇಕಾದರೆ ಎರಡು ವಾರದ ಸಂಬಳ ಅವಧಿಯಲ್ಲಿ ಕನಿಷ್ಠ ಎರಡು ಸಲ, ನಿಯಮಿತವಾಗಿ, ಅಲ್ಲಿ ಮುಖ ತೋರಿಸಿರಬೇಕು. 2025ರ ಪಟ್ಟಿಯಲ್ಲಿ ವಾಷಿಂಗ್ಟನ್ ದರ ಶೇ 33.94, ಯಾವ ವಿಶೇಷ ಪ್ರದೇಶಕ್ಕೂ ಸೇರದ ಊರುಗಳಿಗೆ ಶೇ 17.06. ಜಿಎಸ್-12 ಎಂಬ ವೇತನ ದರ್ಜೆಯ ಮೊದಲ ಹಂತದವರಿಗೆ ಇದು ವರ್ಷಕ್ಕೆ 1,01,401 ಡಾಲರ್ ಮತ್ತು 88,621 ಡಾಲರ್ ನಡುವಿನ ಅಂತರ. ದೂರದ ಊರಲ್ಲಿದ್ದು, ಆಫೀಸಿಗೆ ಬರದೆ, ವಾಷಿಂಗ್ಟನ್ ದರ ಪಡೆದವರ ಬಾಗಿಲ ಸ್ವೈಪ್ ದಾಖಲೆಯನ್ನೂ ಹಾಜರಾತಿಯನ್ನೂ ಹೋಲಿಸಿದರೆ, ಹೆಚ್ಚುವರಿ ಸಂಬಳ ಸಾಲವಾಗಿ ಹಿಂತಿರುಗುತ್ತದೆ. ಮನ್ನಾ ಕೇಳಲು ದಾರಿಯಿದೆ, ಆದರೆ ತಪ್ಪು ನಿಮ್ಮದಲ್ಲ, ನಿಮಗೆ ತಿಳಿಯುವಂತೆಯೂ ಇರಲಿಲ್ಲ ಎಂದು ತೋರಿಸಬೇಕಾಗುತ್ತದೆ.

ಇನ್ನು ರಿಮೋಟ್‌ನವರು. ಇವರ 39ನೇ ಖಾನೆಯನ್ನೇ ತಿದ್ದದೆ ಕರೆಸುವಂತಿಲ್ಲ. ಯಾವ ಆಫೀಸಿನಿಂದಲೂ 50 ಮೈಲಿಗಿಂತ ದೂರ ಇರುವವರ ಡ್ಯೂಟಿ ಸ್ಟೇಷನ್ ಅನ್ನು ಸೂಕ್ತವಾದ ಆಫೀಸಿಗೆ ಬದಲಿಸಲು ಕ್ರಮ ಕೈಗೊಳ್ಳಿ ಎಂದು ಒಪಿಎಂ ಹೇಳಿದೆ. ಹಾಗೆ ಬದಲಿಸಿದರೆ ಅದು ಆಡಳಿತ ನಿರ್ದೇಶಿತ ಸ್ಥಳಾಂತರ, ಅದರ ಬೆನ್ನಿಗೆ ಹಕ್ಕುಗಳೂ ಬರುತ್ತವೆ. ಸ್ಥಳಾಂತರ ಸರ್ಕಾರದ ಹಿತಕ್ಕೆ ಎಂದು ದಾಖಲಾದರೆ, ಮತ್ತು ಹೊಸ ಆಫೀಸು ನಿಮ್ಮ ಈಗಿನ ಮನೆಯಿಂದ ಹಳೆಯ ಜಾಗಕ್ಕಿಂತ ಕನಿಷ್ಠ 50 ಮೈಲಿ ಹೆಚ್ಚು ದೂರವಿದ್ದರೆ, ಸಾಗಾಟದ ಖರ್ಚು ಸಿಗುತ್ತದೆ. ಮನೆಯ ಸಾಮಾನು 18,000 ಪೌಂಡ್‌ವರೆಗೆ. ಬದಲಿಗೆ 12 ತಿಂಗಳು ಸೇವೆಯಲ್ಲಿ ಇರುತ್ತೇನೆಂದು ಬರೆದುಕೊಡಬೇಕು. ಜನ ಎಡವುವುದು ಕ್ರಮದಲ್ಲಿ. ಅನುಮತಿ ಪತ್ರ ಕೈಗೆ ಬರುವ ಮೊದಲೇ ಟ್ರಕ್ ಹಿಡಿದರೆ ಆ ಬಿಲ್ಲು ನಿಮ್ಮದೇ. ಇನ್ನೊಂದು, ಈ ಮರುಪಾವತಿಯ ಬಹುಪಾಲು 2018ರಿಂದ ತೆರಿಗೆಗೆ ಒಳಪಟ್ಟ ಆದಾಯ. ಆ ತೆರಿಗೆಯ ಹೊರೆ ತುಂಬಿಕೊಡುವ ಆರ್‌ಐಟಿಎ ಎಂಬ ಭತ್ಯೆ ಬೇರೆ ಅರ್ಜಿಯಲ್ಲಿ, ಮರುವರ್ಷ ಕೇಳಬೇಕು. ಅದನ್ನು ಮರೆತು ಸಾವಿರಾರು ಡಾಲರ್ ಕೈಬಿಟ್ಟಂತಾಗುವುದು ಸುಲಭ.

ಹೋಗುವುದಿಲ್ಲ ಎಂದರೆ? ಓಡಾಡಬಹುದಾದ ದೂರ ಮೀರಿದ ಸ್ಥಳಾಂತರವನ್ನು ನಿರಾಕರಿಸಿದವರನ್ನು ಇಲಾಖೆ ತೆಗೆಯಬಹುದು. ಆದರೆ ಸಾಮಾನ್ಯವಾಗಿ 30 ದಿನದ ನೋಟಿಸ್ ಕೊಟ್ಟು, ಅವರ ಉತ್ತರ ಕೇಳಿದ ಮೇಲೆಯೇ. ಇದು ನೌಕರರ ಇಚ್ಛೆಯಿಲ್ಲದ ಬಿಡುಗಡೆ, ದುರ್ನಡತೆಯಲ್ಲ. 50 ವರ್ಷ ದಾಟಿ 20 ವರ್ಷ ಸೇವೆ, ಅಥವಾ ಯಾವ ವಯಸ್ಸಾದರೂ 25 ವರ್ಷ ಸೇವೆ ಇದ್ದರೆ ತಕ್ಷಣದ ಪಿಂಚಣಿಗೆ ಅರ್ಹತೆ. ಪಿಂಚಣಿ ಸಿಗದವರಿಗೆ ಪರಿಹಾರ ಧನ: ಮೊದಲ 10 ವರ್ಷಕ್ಕೆ ವರ್ಷಕ್ಕೊಂದು ವಾರದ ಸಂಬಳ, ಆಮೇಲಿನ ಪ್ರತಿ ವರ್ಷಕ್ಕೆ ಎರಡು ವಾರದ್ದು. 12 ವರ್ಷ ದುಡಿದವರಿಗೆ 14 ವಾರ. ವಯಸ್ಸು 40 ದಾಟಿದ ಮೇಲೆ ಪ್ರತಿ 3 ತಿಂಗಳಿಗೆ ಶೇ 2.5 ಸೇರುತ್ತಾ ಹೋಗುತ್ತದೆ, ಮಿತಿ 52 ವಾರ. ಕೊಕ್ಕೆ ಎರಡಿವೆ. ನೇಮಕದ ಷರತ್ತಿನಲ್ಲೇ ಎಲ್ಲಿ ಕಳಿಸಿದರೂ ಹೋಗುತ್ತೇನೆ ಎಂಬ ಒಪ್ಪಂದವಿದ್ದರೆ ಇದು ಅನ್ವಯಿಸದು. ನಿಮ್ಮ ಹೆಸರಿನ ಲಿಖಿತ ನೋಟಿಸ್ ಬರುವ ಮೊದಲೇ, ಹೇಗೂ ಬರುತ್ತದಲ್ಲ ಎಂದು ರಾಜೀನಾಮೆ ಬರೆದರೆ ಅದು ಸ್ವಇಚ್ಛೆಯ ರಾಜೀನಾಮೆ. ಸಿಟ್ಟಿನಲ್ಲಿ ಕೊಟ್ಟ ಪತ್ರಕ್ಕೆ ಪರಿಹಾರ ಧನ ಬರುವುದಿಲ್ಲ.

ಆರೋಗ್ಯದ ಕಾರಣ ಇರುವವರು ವಿನಾಯಿತಿಗಿಂತ ಬೇರೆ ಬಾಗಿಲು ತಟ್ಟುವುದು ಲೇಸು. 1973ರ ಪುನರ್ವಸತಿ ಕಾಯ್ದೆಯ 501ನೇ ಸೆಕ್ಷನ್ ಅಡಿಯ ‘ಸೂಕ್ತ ಅನುಕೂಲ’, ಅಂದರೆ ಅಂಗವೈಕಲ್ಯ ಇದ್ದವರು ಕೆಲಸ ಮಾಡಲಾಗುವಂತೆ ಮಾಡಿಕೊಡುವ ಬದಲಾವಣೆ, ಅಧ್ಯಕ್ಷರ ಪತ್ರದಿಂದ ರದ್ದಾಗುವಂಥದ್ದಲ್ಲ. ಗರ್ಭಿಣಿಯರಿಗೆ 2023ರ ಜೂನ್ 27ರಿಂದ ಜಾರಿಯಲ್ಲಿರುವ ಪ್ರತ್ಯೇಕ ಕಾಯ್ದೆಯೂ ಇದೆ. ಬಾಯಿಮಾತಿನಲ್ಲಿ ಕೇಳಿದರೂ ಅರ್ಜಿಯೇ, ಆದರೆ ಅದೇ ದಿನ ಇಮೇಲ್‌ನಲ್ಲಿ ಬರೆದಿಡಿ. ಅರ್ಜಿಗಳು ಸೋಲುವುದು ಹೆಚ್ಚಾಗಿ ವೈದ್ಯರ ಪತ್ರದಲ್ಲಿ. ‘ಇವರು ಮನೆಯಿಂದ ಕೆಲಸ ಮಾಡಿದರೆ ಒಳ್ಳೆಯದು’ ಎಂಬ ಒಂದು ಸಾಲು ಸಲಹೆಯಾಯಿತೇ ಹೊರತು ಆಧಾರವಾಗಲಿಲ್ಲ. ಪತ್ರದಲ್ಲಿ ಇರಬೇಕಾದ್ದು: ತೊಂದರೆಯ ಸ್ವರೂಪ, ತೀವ್ರತೆ, ಎಷ್ಟು ಕಾಲದ್ದು, ಅದರಿಂದ ಯಾವ ಕ್ರಿಯೆಗೆ ಎಷ್ಟು ಮಿತಿ, ಉದಾಹರಣೆಗೆ 20 ನಿಮಿಷಕ್ಕಿಂತ ಹೆಚ್ಚು ಒಂದೇ ಭಂಗಿಯಲ್ಲಿ ಕೂರಲಾಗದು, ಮನೆಯ ಯಾವ ವ್ಯವಸ್ಥೆ ಆ ಮಿತಿಯನ್ನು ನಿವಾರಿಸುತ್ತದೆ, ಆಫೀಸಿನಲ್ಲಿ ಅದು ಏಕೆ ಆಗದು. ಬರೀ ಪ್ರಯಾಣದ ಕಷ್ಟವನ್ನೇ ಬರೆದರೆ ಸಮಯ ಬದಲಾವಣೆಯನ್ನೋ ಹತ್ತಿರದ ಪಾರ್ಕಿಂಗನ್ನೋ ಕೊಟ್ಟು ಕೈತೊಳೆದುಕೊಳ್ಳಬಹುದು. ಪರಿಣಾಮಕಾರಿಯಾದ ಅನುಕೂಲಗಳಲ್ಲಿ ಯಾವುದನ್ನು ಕೊಡಬೇಕೆಂಬ ಆಯ್ಕೆ ಇಲಾಖೆಯದು. ತೀರ್ಮಾನ ತಡವಾದರೆ ತಾತ್ಕಾಲಿಕ ಅನುಕೂಲ ಕೇಳಿ. ನಿರಾಕರಿಸಿದರೆ 45 ದಿನದೊಳಗೆ ಇಲಾಖೆಯ ಇಇಓ (ಸಮಾನ ಉದ್ಯೋಗಾವಕಾಶ) ಸಲಹೆಗಾರರನ್ನು ಸಂಪರ್ಕಿಸಿರಬೇಕು. ಮರುಪರಿಶೀಲನೆಗೆ ಹಾಕಿದ್ದೇನೆ ಎಂದು ಕಾಯುತ್ತ ಕೂತರೂ ಆ 45 ದಿನ ನಿಲ್ಲುವುದಿಲ್ಲ.

ಯೂನಿಯನ್ ಒಪ್ಪಂದ ನಂಬಿದವರ ಪಾಡು ಕಷ್ಟ. ಟೆಲಿವರ್ಕ್ ಖಾತ್ರಿ ಕೊಡುವ ಷರತ್ತುಗಳು ಆಡಳಿತದ ಹಕ್ಕಿಗೆ ವಿರುದ್ಧ ಎಂದು 2025ರ ಫೆಬ್ರವರಿಯಲ್ಲಿ ಒಪಿಎಂ ನಿಲುವು ತಳೆಯಿತು. ಮಾರ್ಚ್ 27ರ ಆದೇಶ ಹಲವು ಇಲಾಖೆಗಳನ್ನು ಸಾಮೂಹಿಕ ಚೌಕಾಸಿಯಿಂದಲೇ ಹೊರಗಿಟ್ಟಿತು. ಕೋರ್ಟಿನ ದಾರಿ ಉದ್ದದ್ದು.

ಸಣ್ಣ ವಿಷಯಗಳು ಮೊದಲ ವಾರ ತಲೆ ತಿನ್ನುತ್ತವೆ. ಬೇರೆ ಇಲಾಖೆಯ ಕಟ್ಟಡದಲ್ಲಿ ಕುರ್ಚಿ ಕೊಟ್ಟಿದ್ದರೆ ನಿಮ್ಮ ಸರ್ಕಾರಿ ಗುರುತಿನ ಚೀಟಿಯಾದ ಪಿಐವಿ ಕಾರ್ಡ್ ಲ್ಯಾಪ್‌ಟಾಪ್ ತೆರೆಯುತ್ತದೆ, ಬಾಗಿಲು ತೆರೆಯುವುದಿಲ್ಲ. ಆ ಕಟ್ಟಡದ ಪ್ರವೇಶ ವ್ಯವಸ್ಥೆಗೆ ಅದನ್ನು ಪ್ರತ್ಯೇಕವಾಗಿ ಸೇರಿಸಬೇಕು. ಅತಿಥಿ ವೈಫೈ ಕೆಲವೊಮ್ಮೆ ಇಲಾಖೆಯ ಜಾಲಕ್ಕೆ ಸೇರಿಸುವ ವಿಪಿಎನ್ ಅನ್ನು ತಡೆಯುತ್ತದೆ. ತೆರಿಗೆದಾರರ ಅಥವಾ ರೋಗಿಗಳ ವಿವರ ಮಾತಾಡುವವರು ತೆರೆದ ಹಾಲ್‌ನಲ್ಲಿ ಕರೆ ತೆಗೆದುಕೊಳ್ಳುವಂತಿಲ್ಲ. ಮುಚ್ಚಿದ ಕೋಣೆ ಬೇಕೆಂದು ಬರವಣಿಗೆಯಲ್ಲಿ ಕೇಳಿ. ಬಸ್ಸು, ಮೆಟ್ರೋ ಹಿಡಿಯುವವರಿಗೆ ತೆರಿಗೆಯಿಲ್ಲದ ಸಾರಿಗೆ ಸೌಲಭ್ಯವಿದೆ, 2025ರಲ್ಲಿ ತಿಂಗಳಿಗೆ 325 ಡಾಲರ್‌ವರೆಗೆ, 2026ರಲ್ಲಿ 340. ಮನೆಯಿಂದ ಕೆಲಸ ಮಾಡುವಾಗ ಅದನ್ನು ನಿಲ್ಲಿಸಿದವರು ಮತ್ತೆ ಅರ್ಜಿ ಹಾಕಬೇಕು, ತಾನಾಗಿ ಶುರುವಾಗದು. ಮಗುವನ್ನು ಡೇಕೇರ್‌ಗೆ ಸೇರಿಸಿ ಖರ್ಚು ಏರಿದರೆ ತೆರಿಗೆಗೆ ಮೊದಲೇ ಸಂಬಳದಿಂದ ಹಣ ತೆಗೆದಿಡುವ ಅವಲಂಬಿತರ ಆರೈಕೆಯ ಖಾತೆಯ ಮೊತ್ತವನ್ನು ವರ್ಷದ ನಡುವೆಯೂ ಬದಲಿಸಬಹುದು. ನಿಗದಿತ ಪ್ರದೇಶದ ವೈದ್ಯರಿಗೆ ಸೀಮಿತವಾದ ಎಚ್‌ಎಂಒ ಆರೋಗ್ಯ ವಿಮೆ ಇದ್ದವರು ಅದರ ಸೇವಾ ಪ್ರದೇಶದಿಂದ ಹೊರಗೆ ಮನೆ ಮಾಡಿದರೆ ಯೋಜನೆ ಬದಲಿಸಲು ವಾರ್ಷಿಕ ಬದಲಾವಣೆಯ ಅವಧಿ ಶುರುವಾಗುವ ನವೆಂಬರ್‌ವರೆಗೆ ಕಾಯಬೇಕಿಲ್ಲ. ಎರಡು ವಾರದ 80 ಗಂಟೆಯನ್ನು ಒಂಬತ್ತು ದಿನದಲ್ಲೋ ಎಂಟು ದಿನದಲ್ಲೋ ಮುಗಿಸುವ ಪದ್ಧತಿಗೆ ಟೆಲಿವರ್ಕ್ ಕಾಯ್ದೆಯ ಜೊತೆ ನಂಟಿಲ್ಲ. ಇಲಾಖೆ ಒಪ್ಪಿದರೆ ಎರಡು ವಾರದಲ್ಲಿ ಒಂದೋ ಎರಡೋ ದಿನದ ಪ್ರಯಾಣ ಉಳಿಯುತ್ತದೆ. ಇದನ್ನು ಕೇಳಿ ನೋಡದವರೇ ಹೆಚ್ಚು.

ಕೊನೆಗೊಂದು ತಮಾಷೆ. ಹಿಮ ಬಿದ್ದು ಕಚೇರಿ ಮುಚ್ಚಿದ ದಿನ ಸಂಬಳದ ಹವಾಮಾನ ರಜೆ ಸಿಗುವುದು ಟೆಲಿವರ್ಕ್ ಒಪ್ಪಂದ ಇಲ್ಲದವರಿಗೆ. ಒಪ್ಪಂದ ಇದ್ದವರು, ಅದು ಅಪರೂಪಕ್ಕೊಮ್ಮೆ ಬಳಸುವ ಸಾಂದರ್ಭಿಕ ಒಪ್ಪಂದವಾದರೂ, ಮನೆಯಿಂದಲೇ ಕೆಲಸ ಮಾಡಬೇಕು. ಮುನ್ಸೂಚನೆ ಇದ್ದೂ ಲ್ಯಾಪ್‌ಟಾಪ್ ಆಫೀಸಿನಲ್ಲಿ ಬಿಟ್ಟು ಬಂದಿದ್ದರೆ ಸ್ವಂತ ರಜೆ ಹಾಕಬೇಕು. ಹಾಗಾಗಿ ನಿಯಮಿತ ಟೆಲಿವರ್ಕ್ ರದ್ದುಮಾಡಿ ‘ಸಾಂದರ್ಭಿಕ ಒಪ್ಪಂದಕ್ಕೆ ಸಹಿ ಮಾಡಿ’ ಎಂಬ ಇಮೇಲ್ ಬಂದರೆ ಅದು ಕರುಣೆಯಿಂದ ಬಂದದ್ದೇ ಇರಬೇಕೆಂದಿಲ್ಲ. ಸಹಿಗೆ ಮೊದಲು ಇಲಾಖೆಯ ನೀತಿಯಲ್ಲಿ ಕಚೇರಿ ಮುಚ್ಚಿದ ದಿನದ ಬಗ್ಗೆ ಇರುವ ಪ್ಯಾರಾ ಓದಿ, ಡಿಸೆಂಬರ್‌ನಿಂದ ಮಾರ್ಚ್‌ವರೆಗೆ ಪ್ರತಿ ಸಂಜೆ ಲ್ಯಾಪ್‌ಟಾಪ್ ಚೀಲಕ್ಕೆ ಹಾಕಿಕೊಂಡೇ ಹೊರಡಿ.