ಪುಸ್ತಕದ ಕೋಣೆಗೆ ಚೆನ್ನೆಮಣೆ ಬಂತು

ಕ್ಲಬ್ ಪೆಂಗ್ವಿನ್ ಎಂಬ ಮಕ್ಕಳ ಆನ್‌ಲೈನ್ ಆಟದ ಒಂದು ಕೋಣೆಯನ್ನು ನನ್ನದೇ ರೀತಿಯಲ್ಲಿ ಮತ್ತೆ ಕಟ್ಟುತ್ತಿದ್ದೆ. ಈಗ ಅದು ಆಡುವ ಮಟ್ಟಕ್ಕೆ ಬಂದಿದೆ. ಇಡೀ ದ್ವೀಪ ಕಟ್ಟುವ ಆಸೆ ನನಗಿಲ್ಲ. ಕಾಫಿ ಅಂಗಡಿಯ ಮಹಡಿಯಲ್ಲಿದ್ದ ಪುಸ್ತಕದ ಕೋಣೆ ಸಾಕು. ಅಲ್ಲಿ ಮಂಕಾಲ ಆಡುವ ಮೇಜುಗಳಿದ್ದವು. ನಮ್ಮ ಕರಾವಳಿ ಕಡೆಯವರು ಅದನ್ನು ನೋಡಿದರೆ ಮೊದಲು ಕೇಳುವುದೇ "ಇದು ಚೆನ್ನೆಮಣೆ ಅಲ್ವಾ?" ಅಂತ. ಘಟ್ಟದ ಮೇಲಿನವರು ಅಳಗುಳಿಮಣೆ ಅಂದಾರು. ಆ ಮೇಜಿನ ಮೇಲೆ ನಿಜವಾದ ಚೆನ್ನೆಮಣೆ ಇಟ್ಟು ಅಕ್ಕನ ಮಕ್ಕಳಿಗೆ ಆಡಲು ಕೊಡಬೇಕು. ಇಷ್ಟೇ ಯೋಜನೆ.

ಗೊತ್ತಿಲ್ಲದವರಿಗೆ ಸ್ವಲ್ಪ ಹಿನ್ನೆಲೆ. ಕ್ಲಬ್ ಪೆಂಗ್ವಿನ್ ಶುರುವಾಗಿದ್ದು 2005ರ ಅಕ್ಟೋಬರ್ 24ರಂದು, ಕೆನಡಾದ ಕೆಲೋನಾ ಊರಿನಲ್ಲಿ. ಲ್ಯಾನ್ಸ್ ಪ್ರೀಬಿ, ಲೇನ್ ಮೆರಿಫೀಲ್ಡ್, ಡೇವ್ ಕ್ರಿಸ್ಕೋ ಎಂಬ ಮೂವರು ಕಟ್ಟಿದ್ದು. ಮಕ್ಕಳು ಒಂದೊಂದು ಬಣ್ಣದ ಪೆಂಗ್ವಿನ್ ಆಗಿ ಹಿಮದ ದ್ವೀಪದಲ್ಲಿ ಓಡಾಡುವುದು, ಹರಟುವುದು, ಸಣ್ಣ ಆಟ ಆಡಿ ನಾಣ್ಯ ಗಳಿಸುವುದು. ಎರಡೇ ವರ್ಷದಲ್ಲಿ ಡಿಸ್ನಿ ಇದನ್ನು 35 ಕೋಟಿ ಡಾಲರಿಗೆ ಕೊಂಡಿತು. 2017ರ ಮಾರ್ಚ್ 30ಕ್ಕೆ ಮುಚ್ಚಿತು. ಬದಲಿಗೆ ಬಂದ ಕ್ಲಬ್ ಪೆಂಗ್ವಿನ್ ಐಲೆಂಡ್ 2018ರ ಡಿಸೆಂಬರ್ ದಾಟಲಿಲ್ಲ. ಮೂಲ ಆಟ ಮುಚ್ಚುವ ಮುಂಚೆ ಒಂದು ಒಳ್ಳೆಯ ಕೆಲಸ ಮಾಡಿದರು. ನೀರಿನಲ್ಲಿ ತೇಲುವ ಹಿಮಗಡ್ಡೆಯ ಮೇಲೆ ಎಲ್ಲರೂ ಒಂದೇ ಕಡೆ ನಿಂತು ಕುಣಿದರೆ ಅದು ಮಗುಚುತ್ತದೆ ಅಂತ ಮಕ್ಕಳು ವರ್ಷಗಟ್ಟಲೆ ನಂಬಿದ್ದರು. ಕೊನೆಯ ದಿನಗಳಲ್ಲಿ ಅದನ್ನು ನಿಜಕ್ಕೂ ಮಗುಚಿಸಿಬಿಟ್ಟರು.

ಹಳೆಯ ಫೈಲುಗಳನ್ನೇ ಯಾಕೆ ಬಳಸಬಾರದು ಅಂತ ಗೆಳೆಯರು ಕೇಳುತ್ತಾರೆ. ಒಂದು, ಅವೆಲ್ಲ ಬ್ರೌಸರಿನಲ್ಲಿ ಆಟ ಓಡಿಸುತ್ತಿದ್ದ ಫ್ಲ್ಯಾಶ್‌ನಲ್ಲಿ ಮಾಡಿದ್ದು. ಫ್ಲ್ಯಾಶ್ 2020ರ ಕೊನೆಗೆ ನಿಂತುಹೋಯಿತು. ಎರಡು, ಆ ಚಿತ್ರಗಳು ನನ್ನವಲ್ಲ. ಅಭಿಮಾನಿಗಳು ಕಟ್ಟಿದ್ದ ಕ್ಲಬ್ ಪೆಂಗ್ವಿನ್ ರೀರಿಟನ್ 2022ರ ಏಪ್ರಿಲ್‌ನಲ್ಲಿ ಒಮ್ಮೆಲೇ ಮುಚ್ಚಿತು. ಅದರ ಜಾಗದಲ್ಲಿ ಲಂಡನ್ನಿನ ಪೊಲೀಸರ ಸೂಚನೆ ಬಂತು. ಮನೆಯೊಳಗಿನ ಆಟಕ್ಕೆ ಅಂಥ ಉಸಾಬರಿ ಯಾಕೆ? ಹಾಗಾಗಿ ನನ್ನದರಲ್ಲಿ ಪೆಂಗ್ವಿನ್ ಇಲ್ಲ, ಬಾತುಕೋಳಿ ಇದೆ. ಎಲ್ಲ ಚಿತ್ರವೂ ನಾನೇ ಬರೆದದ್ದು. ಬ್ರೌಸರ್ ಕಡೆಗೆ ಫೇಸರ್ ಎಂಬ ಆಟ ಕಟ್ಟುವ ಸಾಧನ, ಎಲ್ಲರನ್ನೂ ಜೋಡಿಸುವ ಸರ್ವರ್ ಕಡೆಗೆ ನೋಡ್ ಎಂಬ ತಂತ್ರಾಂಶ. ಅದು ಓಡುವುದು ಮನೆಯ ವೈಫೈ ಒಳಗೆ, ಹಳೆಯ ಲ್ಯಾಪ್‌ಟಾಪಿನಲ್ಲಿ.

ಚಿತ್ರ ಬಳಸದಿದ್ದರೂ ಹಳೆಯವರ ಲೆಕ್ಕಾಚಾರವನ್ನು ಕಲಿಯಬಹುದು. ಅದು ಬಹಳ ಸರಳ, ಬಹಳ ಜಾಣತನದ್ದು. ನೀವು ನೆಲದ ಮೇಲೆ ಕ್ಲಿಕ್ ಮಾಡಿದರೆ ಸರ್ವರಿಗೆ ಹೋಗುವುದು "ಎಸ್‌ಪಿ" ಎಂಬ ಎರಡಕ್ಷರ, ಜೊತೆಗೆ ಎಲ್ಲಿಗೆ ಅನ್ನುವ ಎರಡು ಅಂಕಿ. ಸರ್ವರ್ ಅದನ್ನು ಕೋಣೆಯಲ್ಲಿರುವ ಎಲ್ಲರಿಗೂ ದಾಟಿಸುತ್ತದೆ, ಅಷ್ಟೇ. ನಡೆಯುವ ಚಿತ್ರವನ್ನು ಪ್ರತಿಯೊಬ್ಬರ ಕಂಪ್ಯೂಟರೂ ತಾನೇ ಮಾಡಿಕೊಳ್ಳುತ್ತದೆ. ಮಾತಿಗೆ "ಎಸ್‌ಎಮ್", ಭಂಗಿಗೆ "ಎಸ್‌ಎಫ್". ಭಂಗಿಗೂ ಅಂಕಿಯೇ: 1ರಿಂದ 8 ಎಂಟು ದಿಕ್ಕಿಗೆ ನಿಲ್ಲುವುದು, ಆಮೇಲಿನ ಎಂಟು ನಡೆಯುವುದು, ಅದರಾಚೆ ಎಂಟು ಕೂರುವುದು, 25 ಕೈಬೀಸುವುದು, 26 ಕುಣಿಯುವುದು. ನಾನು ಇದೇ ಕ್ರಮ ಇಟ್ಟುಕೊಂಡೆ. ಎಂಟು ದಿಕ್ಕು ಅಂದರೂ ಬರೆಯಬೇಕಾದದ್ದು ಐದೇ. ಉಳಿದ ಮೂರನ್ನು ಕನ್ನಡಿಯಂತೆ ತಿರುಗಿಸಿದರೆ ಆಯಿತು. ಬಾತುಕೋಳಿಯ ಹಿಂಭಾಗ ಬರೆಯುವುದು ಮಾತ್ರ ಸಖತ್ ಖುಷಿ ಕೊಟ್ಟ ಕೆಲಸ.

ಇನ್ನು ಮಣೆಯ ವಿಷಯ. ಕ್ಲಬ್ ಪೆಂಗ್ವಿನ್‌ನ ಮಂಕಾಲದಲ್ಲಿ ಒಬ್ಬೊಬ್ಬರಿಗೆ ಆರು ಗುಳಿ, ಗುಳಿಗೆ ನಾಲ್ಕು ಕಲ್ಲು, ತುದಿಯಲ್ಲಿ ಒಂದು ದೊಡ್ಡ ಗುಳಿ. ಕೊನೆಯ ಕಲ್ಲು ನಿಮ್ಮ ದೊಡ್ಡ ಗುಳಿಗೆ ಬಿದ್ದರೆ ಇನ್ನೊಂದು ಸರದಿ. ಚೆನ್ನೆಮಣೆಯಲ್ಲಿ ಒಬ್ಬೊಬ್ಬರಿಗೆ ಏಳು ಗುಳಿ, ಒಟ್ಟು ಹದಿನಾಲ್ಕು. ದೊಡ್ಡ ಗುಳಿ ಲೆಕ್ಕಕ್ಕಿಲ್ಲ, ಗೆದ್ದ ಕಾಳು ಪಕ್ಕಕ್ಕೆ. ನಿಯಮ ಮನೆಗೊಂದು ತರ. ಹಾಗಾಗಿ ಅತ್ತೆಗೆ ಫೋನ್ ಮಾಡಿ ಅವರು ಆಡುವ ಪದ್ಧತಿಯನ್ನೇ ಹಾಕಿದೆ. ಗುಳಿಗೆ ನಾಲ್ಕು ಮಂಜೊಟ್ಟಿ ಕಾಳು. ಒಂದು ಗುಳಿ ಎತ್ತಿ ಒಂದೊಂದಾಗಿ ಹಾಕುತ್ತಾ ಹೋಗಬೇಕು. ಕೈ ಖಾಲಿಯಾದ ಕೂಡಲೇ ಮುಂದಿನ ಗುಳಿ ಎತ್ತಿ ಮುಂದುವರಿಸಬೇಕು. ಮುಂದಿನದು ಬರಿದಾಗಿದ್ದರೆ ಅದರಾಚೆಯ ಗುಳಿಯ ಕಾಳು ನಿಮ್ಮದು, ಸರದಿ ಮುಗಿಯಿತು. ಸತತ ಎರಡು ಬರಿ ಗುಳಿ ಬಂದರೆ ಏನೂ ಸಿಗದು.

ಕೋಡ್ ಬರೆದು ಓಡಿಸಿದಾಗ ಒಂದು ತಮಾಷೆ ಕಂಡಿತು. ಮೊದಲ ಆಟಗಾರ ಯಾವ ಗುಳಿ ಎತ್ತಿದರೂ ಫಲ ಒಂದೇ: ಏಳು ಸಲ ಎತ್ತಿ, 28 ಕಾಳು ಹಾಕಿ, ಕೊನೆಗೆ 6 ಕಾಳು ಗೆಲ್ಲುತ್ತಾನೆ. ಎಲ್ಲ ಗುಳಿಯಲ್ಲೂ ನಾಲ್ಕೇ ಇರುವಾಗ ಬೇರೆ ಆಗುವುದಾದರೂ ಹೇಗೆ? ಅಂದರೆ ಮೊದಲ ನಡೆಗೆ ತಲೆ ಕೆಡಿಸಿಕೊಳ್ಳುವುದು ಸುಮ್ನೆ. ಇದನ್ನು ಹೇಳಿದರೆ ಅತ್ತೆ ಒಪ್ಪಲಿಲ್ಲ. ಮಣೆ ತೆಗೆದು ಆಡಿ ನೋಡಿದ ಮೇಲೆ "ಹೌದಲ್ಲ" ಅಂದರು.

ಈ 28 ಕಾಳು ಇನ್ನೊಂದು ಸಮಸ್ಯೆಯನ್ನೂ ತಂದಿತು. ಮಂಕಾಲದಲ್ಲಿ ಮೊದಲ ನಡೆ ನಾಲ್ಕು ಕಲ್ಲಿಗೆ ಮುಗಿಯುತ್ತದೆ. ಇಲ್ಲಿ ಕಾಳಿಗೆ ಅರ್ಧ ಸೆಕೆಂಡ್ ಕೊಟ್ಟರೆ ಎದುರಿನವರು 14 ಸೆಕೆಂಡ್ ಕಾಯಬೇಕು. ವೇಗ ಹೆಚ್ಚಿಸಿದರೆ ಯಾವ ಗುಳಿಗೆ ಎಷ್ಟು ಬಿತ್ತು ಅಂತ ಕಣ್ಣಿಗೆ ಕಾಣದು. ಈಗ ಮೊದಲ ಸುತ್ತು ನಿಧಾನ, ಆಮೇಲೆ ಚುರುಕು, ಬರಿ ಗುಳಿ ಹತ್ತಿರವಾದಾಗ ಮತ್ತೆ ನಿಧಾನ. ಮಕ್ಕಳು ಆ ಕೊನೆಯ ನಿಧಾನಕ್ಕೇ ಕಿರುಚುತ್ತಾರೆ. ಅದನ್ನು ತೆಗೆಯುವ ಮಾತೇ ಇಲ್ಲ. ಸರ್ವರಿಗೆ ಹೋಗುವುದು ಮಾತ್ರ ಯಾವ ಗುಳಿ ಎಂಬ ಒಂದೇ ಅಂಕಿ. ಉಳಿದದ್ದನ್ನು ಎರಡೂ ಕಡೆಯ ಕಂಪ್ಯೂಟರ್ ಲೆಕ್ಕ ಹಾಕುತ್ತದೆ.

ಮಾತುಕತೆಗೆ ಟೈಪ್ ಮಾಡುವ ಜಾಗವನ್ನೇ ಇಟ್ಟಿಲ್ಲ. ಮೂಲ ಆಟದಲ್ಲೂ ಸಿದ್ಧ ವಾಕ್ಯಗಳನ್ನು ಮಾತ್ರ ಆರಿಸುವ ವ್ಯವಸ್ಥೆ ಇತ್ತು. ಹೆತ್ತವರು ಬೇಕೆಂದರೆ ಅದನ್ನೇ ಆರಿಸಬಹುದಿತ್ತು. ನನ್ನ ಪಟ್ಟಿಯನ್ನು ಮಕ್ಕಳೇ ಮಾಡಿದ್ದಾರೆ. "ಬೇಗ ಆಡು ಮಾರಾಯ", "ಮೋಸ ಮೋಸ!", "ಇನ್ನೊಂದಾಟ?", "ಊಟಕ್ಕೆ ಕರೀತಿದ್ದಾರೆ". ಮೊದಲ ಎರಡನ್ನು ಒತ್ತುವುದೇ ಜಾಸ್ತಿ.

ದುಡ್ಡು ಕೊಟ್ಟವರಿಗೆ ಮಾತ್ರ ಬಟ್ಟೆ, ಮನೆಗೆ ಸಾಮಾನು ಅನ್ನುವ ಪದ್ಧತಿ ಕ್ಲಬ್ ಪೆಂಗ್ವಿನ್‌ನಲ್ಲಿತ್ತು. ತಿಂಗಳಿಗೆ 5.95 ಡಾಲರ್. ಆಡುತ್ತಾ ಗಳಿಸಿದ ನಾಣ್ಯ ಕೈಯಲ್ಲಿದ್ದರೂ ಅಂಗಡಿಯಲ್ಲಿ ಬರಿಗೈ. ಆ ಭಾಗ ನನಗೆ ಆಗಲೂ ಹಿಡಿಸಲಿಲ್ಲ, ಈಗಲೂ ಇಲ್ಲ. ಇಲ್ಲಿ ಟೋಪಿ ಎಲ್ಲ ಬಾತುಕೋಳಿಗೂ ಫ್ರೀ.

ಬಾಕಿ ಇರುವುದು ಎರಡು ಕೆಲಸ. ಚೆನ್ನೆಮಣೆ ಒಂದು ಸುತ್ತಿಗೆ ಮುಗಿಯುವುದಿಲ್ಲ. ಸೋತವರು ತಮ್ಮ ಬಳಿ ಇರುವ ಕಾಳಿಗೆ ಎಷ್ಟು ಗುಳಿ ತುಂಬುತ್ತದೋ ಅಷ್ಟನ್ನೇ ತುಂಬಿ ಮತ್ತೆ ಆಡುತ್ತಾರೆ. ಒಂದು ಗುಳಿಯೂ ತುಂಬದ ತನಕ ಆಟ ನಡೆಯುತ್ತದೆ. ಕ್ಲಬ್ ಪೆಂಗ್ವಿನ್‌ನ ಮೇಜಿನಿಂದ ಒಬ್ಬರು ಎದ್ದರೆ ಆಟ ಅಲ್ಲಿಗೇ ರದ್ದು. ಇಲ್ಲಿ ಅದು ನಡೆಯದು, ಹೋಂವರ್ಕ್ ಮುಗಿಸಿ ಬಂದ ಮೇಲೂ ಕಾಳು ಇದ್ದಲ್ಲೇ ಇರಬೇಕು. ಅದಕ್ಕೆ ಮೇಜಿನ ಸ್ಥಿತಿಯನ್ನು ಎಸ್‌ಕ್ಯೂಲೈಟ್ ಎಂಬ ಸಣ್ಣ ಡೇಟಾಬೇಸ್ ಫೈಲಿಗೆ ಉಳಿಸುವ ಕೆಲಸ ಅರ್ಧ ಆಗಿದೆ. ಎರಡನೆಯದು ಪಕ್ಕದಲ್ಲಿ ನಿಂತು ನೋಡುವವರಿಗೆ ಜಾಗ. ಸದ್ಯಕ್ಕೆ ಮೂರನೆಯ ಬಾತುಕೋಳಿ ಮೇಜಿನ ಬಳಿ ಬಂದರೆ ಮಣೆ ಕಾಣುವುದಿಲ್ಲ. ಚಿಕ್ಕವಳಿಗೆ ಅದೇ ದೊಡ್ಡ ತಕರಾರು, ಯಾಕೆಂದರೆ ಅವಳಿಗೆ ಆಡುವುದಕ್ಕಿಂತ ಅಣ್ಣನಿಗೆ ಯಾವ ಗುಳಿ ಎತ್ತಬೇಕು ಅಂತ ಹೇಳಿಕೊಡುವುದೇ ಇಷ್ಟ.